ಮಣ್ಣು ಬಣ್ಣದ್ದು

ಅಮ್ಮಾ,

ಪಾಳಿ ಮುಗಿಸಿ ಕಾಲೆಳೆಯುತ್ತ ಬಂದ ನನ್ನನ್ನು ಅಣ್ಣ ಇವತ್ತು ಜೌಗಿನ ಹತ್ತಿರ ಕರೆದೊಯ್ದ. ಜೊಂಡಿನ ತುದಿಯಲ್ಲಿ ಅಚ್ಚ ಗುಲಾಬಿ ಬಣ್ಣದ ಏರೋಪ್ಲೇನ್ ಚಿಟ್ಟೆ ಕೂತಿತ್ತು. ಹೊಸ ಕ್ಯಾಮೆರಾ ಹಿಡಿದು ಕೆಸರಿಗಿಳಿದವನು ಅದರ ಫೋಟೋ ತೆಗೆದದ್ದೇ ತೆಗೆದದ್ದು. ಕೆಳಗೆ ಮಣ್ಣು ಬಣ್ಣದ ಇನ್ನೊಂದು ಚಿಟ್ಟೆ, ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಬಿಡುವಿಲ್ಲದೆ ಮೊಟ್ಟೆಯಿಡುತ್ತಿತ್ತು.

“ಅದ್ಯಾವ್ದಣ್ಣಾ?”

“ಇದರದ್ದೇ ಹೆಣ್ಣು. ಬಿಡೇ, ಫೋಟೋಗೆ ಚೆನ್ನಾಗ್ ಬರಲ್ಲ.”

ಅಂದವನು ಯಾಕೋ ಕ್ಯಾಮೆರಾ ಕೆಳಗಿಳಿಸಿದ.

ನೀನು ಹೋದ ಮೇಲೆ ಗೋಡೆಗೆ ಹಾಕಲು ನಿನ್ನದೊಂದು ಫೋಟೋ ಮನೆಯಿಡೀ ಹುಡುಕಿದರೂ ಸಿಕ್ಕಿರಲಿಲ್ಲ. ಅಪ್ಪನ ನಿವೃತ್ತಿಯ ದಿನದ ಫೋಟೋದಲ್ಲಿ ಹಿಂದೆ, ತಟ್ಟೆ ಹಿಡಿದು ಹೋಗುತ್ತಿದ್ದ ನಿನ್ನನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದೇವೆ. ಮುಖ ಮಸುಕು.

ಅಣ್ಣ ನಿಧಾನಕ್ಕೆ ಕ್ಯಾಮೆರಾವನ್ನು ನೀರಿನತ್ತ ತಿರುಗಿಸಿದ. “ಒಂದ್ ನಿಮಿಷ ಕೂತ್ರೆ ತಾನೇ ತೆಗಿಯೋದು!”

ಬೆಳಕು ಹೋಗುವವರೆಗೂ ಕಾದೆವು, ಅಮ್ಮ. ಅದು ಕೂರಲೇ ಇಲ್ಲ.