ಗೆಣಸಿನ ಗುಂಡಿಯ ವೀರ

ಜನವರಿ 13, 2008. ಭಾನುವಾರ

ಊರ ಸ್ನಾನಗೃಹ. ಎಂದಿನಂತೆ ಅಜ್ಜನ ಬೆನ್ನು ನನ್ನ ಪಾಲಿಗೆ. ಹಸಿರು ಒರಟು ಬಟ್ಟೆ, ಮೇಲಿನಿಂದ ಕೆಳಕ್ಕೆ. ಈ ವಾರ ಇಳಿದ ಕೊಳೆ ಅಂದಾಜು ಒಂದು ಹಿಡಿ. ಮುಂದಿನ ಪೀಳಿಗೆಯ ಅವಗಾಹನೆಗಾಗಿ ದಾಖಲಿಸಲಾಗಿದೆ.

"ಚರ್ಮ ಬಿಟ್ಟು ಉಜ್ಜೋ. ಅದೊಂದೇ ಉಳಿದಿರೋದು" ಅಂದ ಅಜ್ಜ.

"ಅದನ್ನೂ ಇಲ್ಲೇ ಬಿಟ್ಟು ಹೋಗೋಣ ಬಿಡಜ್ಜ. ಮನೇಲಿ ಜಾಗ ಇಲ್ಲ."

ಎಡ ಹೆಗಲ ಮೂಳೆಯ ಕೆಳಗಿನ ಗುಳಿ ಬಂದಾಗ ಮಾತ್ರ ಕೈ ಹಗುರ ಮಾಡಬೇಕು. ಯೌವನದಲ್ಲಿ ಕುಡುಗೋಲಿನ ಮೇಲೆ ಬಿದ್ದದ್ದಂತೆ. ಚಿಕ್ಕವನಿದ್ದಾಗ ಅದರಲ್ಲಿ ಸೋಪಿನ ನೀರು ತುಂಬಿ ಗುಳ್ಳೆ ಊದುತ್ತಿದ್ದೆ. ಅಜ್ಜ ಸುಮ್ಮನೆ ಕೂತಿರುತ್ತಿದ್ದ.

ಆಮೇಲೆ ಇಬ್ಬರಿಗೂ ಬಾಳೆಹಣ್ಣಿನ ಹಾಲು. ಪ್ರವೇಶ ಪರೀಕ್ಷೆ ಮುಗಿದಿದೆ, ಕಾಲೇಜು ಮಾರ್ಚಿಗೆ. ಅಲ್ಲಿಯವರೆಗೆ ಗ್ವಾಕ್ ಮನೆತನದ ಅಧಿಕೃತ ಇತಿಹಾಸಕಾರನ ಹುದ್ದೆಯನ್ನು ಬೊಮ್ಸು ಎಂಬ ನಾನೇ ನನಗೆ ದಯಪಾಲಿಸಿಕೊಂಡಿದ್ದೇನೆ.

ಜನವರಿ 18. ಶುಕ್ರವಾರ

ಅಜ್ಜನಿಗೆ ಎಪ್ಪತ್ತೇಳು. ಅಮ್ಮ ಹುಟ್ಟುಹಬ್ಬದ ಕಡಲಪಾಚಿಯ ಸಾರು ಮಾಡಿದ್ದಳು. ದೊಡ್ಡಮನೆಯಿಂದ ದೊಡ್ಡಜ್ಜ ಬಂದರು. ಅಜ್ಜನ ಅಣ್ಣ, ಗ್ವಾಕ್ ಮುನ್‌ಹೋ, ಎಂಬತ್ತು ವರ್ಷ, ಕುಲದ ಹಿರಿಯ, ಯುದ್ಧವೀರ. ಮಾಜಿ ಸೈನಿಕರ ಟೋಪಿ ತೆಗೆಯದೆ ಉಣ್ಣುವವರು.

ಊಟವಾದ ಮೇಲೆ ಸಭೆ ಕರೆದೆ. ಗಂಟಲು ಸರಿಮಾಡಿಕೊಂಡು ಓದಿದೆ: "ಗ್ವಾಕ್ ತೇಹೋ ಎಂಬ ಈ ಮಹನೀಯರು, ದೇಶವೇ ಹೊತ್ತಿ ಉರಿಯುತ್ತಿದ್ದ ಮೂರು ವರ್ಷಗಳ ಕಾಲ ಗೆಣಸಿನ ಗುಂಡಿಯಲ್ಲಿ ಅಪ್ರತಿಮ ಧೈರ್ಯದಿಂದ ಅಡಗಿ ಕುಳಿತು, ಒಂದೇ ಒಂದು ಗೆಣಸನ್ನೂ ಶತ್ರುವಿಗೆ ಬಿಟ್ಟುಕೊಡದ ಕಾರಣ..." ಸೋಜು ಮದ್ಯದ ಬಾಟಲಿಯ ಮುಚ್ಚಳ, ಅದಕ್ಕೆ ಕೆಂಪು ರಿಬ್ಬನ್. ಅಜ್ಜನ ಕೋಟಿಗೆ ಚುಚ್ಚಿದೆ.

ಊರಿಗೇ ಗೊತ್ತಿರುವ ಕಥೆ. ಉತ್ತರ ದಕ್ಷಿಣ ಹೊಡೆದಾಡಿಕೊಂಡಾಗ ಅಣ್ಣ ಯುದ್ಧಕ್ಕೆ ಹೋದ, ತಮ್ಮ ಗುಂಡಿಗೆ ಹೋದ. ಚಳಿಗಾಲದ ಗೆಣಸು ಇಡಲು ಮನೆಯ ಹಿಂದೆ ತೋಡಿದ ಆ ಗುಂಡಿ ಈಗಲೂ ಇದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜಾಸ್ತಿ ಅಜ್ಜನೇ. ಎದ್ದು ಸೆಲ್ಯೂಟ್ ಬೇರೆ ಹೊಡೆದ — ಸಿನಿಮಾದವರ ಹಾಗಲ್ಲ, ಬಲು ಚೊಕ್ಕವಾಗಿ. ದೊಡ್ಡಜ್ಜ ನಗಲಿಲ್ಲ. "ಹಿರಿಯರ ಜೊತೆ ಏನೋ ನಿನ್ನ ಮಂಗಾಟ" ಅಂದು ಕೋಲು ಹಿಡಿದು ಹೊರಟೇಬಿಟ್ಟರು.

ಷರಾ: ವೀರರಿಗೆ ತಮಾಷೆ ಒಗ್ಗುವುದಿಲ್ಲ.

ಜನವರಿ 24. ಮಧ್ಯಾಹ್ನ 3

ದೊಡ್ಡಮನೆಯಿಂದ ಬುಲಾವ್. ಸೈನ್ಯದ ದಾಖಲೆ ವಿಭಾಗದಿಂದ ಸಾರ್ಜೆಂಟ್ ಪ್ಯೋ ಎಂಬವರು ಬಂದಿದ್ದರು. ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ನನ್ನ ಕೆಲಸ ಕಾಫಿ ತರುವುದು, ದೊಡ್ಡಜ್ಜನ ಪರವಾಗಿ ಅರ್ಜಿ ತುಂಬುವುದು.

ಸಂಗತಿ ಇದು. ಯುದ್ಧದ ಗಡಿಬಿಡಿಯಲ್ಲಿ ಎಷ್ಟೋ ಜನರಿಗೆ ಪದಕದ ಬದಲು ಬರೀ ಚೀಟಿ ಕೊಟ್ಟಿದ್ದರಂತೆ. ಚೀಟಿ ಕಳೆಯಿತು, ತುಕಡಿ ಬದಲಾಯಿತು, ವಿಳಾಸ ತಪ್ಪಿ ಬಿತ್ತು. ಈಗ ಹಳೆಯ ಕಡತಗಳನ್ನು ತಿದ್ದಿ, ಬದುಕಿರುವವರನ್ನು ಹುಡುಕಿ ಪದಕ ಕೊಡುತ್ತಿದ್ದಾರೆ. ಒಂದು ಕಡತದಲ್ಲಿ ಗ್ವಾಕ್ ಮುನ್‌ಹೋ. ಶೌರ್ಯಕ್ಕೆ ಕೊಡುವ ಹ್ವರಾಂಗ್ ಪದಕ.

ಸಾರ್ಜೆಂಟ್ ನಿಂತುಕೊಂಡೇ ಓದಿದರು. 1952 ಅಕ್ಟೋಬರ್, ಚೊರ್ವೊನ್ ಕಡೆಯ ಗುಡ್ಡ, ಗಾಯಗೊಂಡ ಲೆಫ್ಟಿನೆಂಟನನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದು. ನಮಗೆಲ್ಲ ಬಾಯಿಪಾಠ. ದೊಡ್ಡಜ್ಜ ಪ್ರತಿ ಹಬ್ಬಕ್ಕೂ ಹೇಳುವ ಕಥೆ. ದೊಡ್ಡಜ್ಜ ತಲೆಯಾಡಿಸುತ್ತಿದ್ದರು.

"ಆಮೇಲೆ ಆಸ್ಪತ್ರೆ ಚೀಟಿ. ಬಾಂಬಿನ ಚೂರು, ಎಡ ಹೆಗಲ ಮೂಳೆ ಕೆಳಗೆ, ನಲವತ್ತೊಂದು ದಿನ. ಕಡತಕ್ಕೆ ಆ ಗಾಯದ ಒಂದು ಫೋಟೊ ಬೇಕಿತ್ತು ಹಿರಿಯರೇ."

ದೊಡ್ಡಜ್ಜನ ತಲೆ ಆಡುವುದು ನಿಂತಿತು.

"ಇವತ್ತು ಚಳಿ" ಅಂದರು.

"ಅವಸರ ಇಲ್ಲ. ಹಬ್ಬ ಆದ ಮೇಲೆ ಬರ್ತೀನಿ."

ಕಾಫಿ ನನ್ನ ಕೈ ಮೇಲೆ ಚೆಲ್ಲಿತು. ಬಿಸಿ ಗೊತ್ತಾಗಲಿಲ್ಲ. ಎಡ ಹೆಗಲ ಮೂಳೆ ಕೆಳಗೆ. ಎಡ ಹೆಗಲ ಮೂಳೆ ಕೆಳಗೆ... ಇಲ್ಲ. ಕಾಕತಾಳೀಯ ಇರಬೇಕು.

ಜನವರಿ 27. ಭಾನುವಾರ

ಗುಳಿಯ ಹತ್ತಿರ ಬಂದು ಕೈ ನಿಂತಿತು.

"ಯಾಕೋ ನಿಲ್ಲಿಸಿದೆ?"

"ಅಜ್ಜ, ಇದು ಕುಡುಗೋಲಿನದಲ್ಲ."

"ಕುಡುಗೋಲಿನದೇ."

"ಅಜ್ಜ."

ನೀರು ಮೊಗೆದು ತಲೆಗೆ ಹುಯ್ದುಕೊಂಡ. "ಚೀನಾದವರ ಕುಡುಗೋಲು. ಉಜ್ಜು."

ಉಜ್ಜಿದೆ. ಅಜ್ಜ ತಿರುಗಲಿಲ್ಲ, ಎದುರಿನ ಟೈಲ್ಸ್ ಗೋಡೆಗೆ ಹೇಳಿದ. ಹೇಳಿದ ಹಾಗೇ ಬರೆಯುತ್ತೇನೆ. ಸೇರಿಸುವುದಿಲ್ಲ, ಬಿಡುವುದಿಲ್ಲ.

"ಐವತ್ತೊಂದರಲ್ಲಿ ಅಣ್ಣನ ಹೆಸರಿಗೆ ಸೈನ್ಯದ ಕರೆ ಬಂತು. ಅಪ್ಪ ಇಬ್ಬರನ್ನೂ ಕೂರಿಸಿದ್ರು. ಹಿರಿಯರಿಗೆ ಎಡೆ ಇಡೋನು ಅವನು, ಇನ್ನೂ ಗಂಡುಮಗು ಆಗಿಲ್ಲ, ಅವನು ಸತ್ರೆ ಹದಿನಾಲ್ಕು ತಲೆಮಾರು ಉಪವಾಸ ಬೀಳ್ತವೆ ಅಂದ್ರು. ನಾನು ಸತ್ರೆ ನಾನೊಬ್ನೇ."

"ನೀನೇನಂದೆ?"

"ಅನ್ನೋದೇನು. ಅಣ್ಣನ ಹೆಸರು ಹೇಳ್ಕೊಂಡು ಹೋದೆ. ಫೋಟೊ ಗೀಟೊ ಯಾರು ಕೇಳ್ತಿದ್ರು ಆಗ. ಮಾರನೇ ವರ್ಷ ನನ್ನ ಹೆಸರಿಗೂ ಕರೆ ಬಂತಂತೆ. ನಾನು ಆಗಲೇ ಅಲ್ಲಿದ್ನಲ್ಲ, ಇನ್ನೊಂದು ಸಲ ಎಲ್ಲಿಂದ ಬರ್ಲಿ? ಪೋಲೀಸರು ಬಂದ್ರು. ಅಪ್ಪ, ತೇಹೋ ಓಡಿಹೋದ ಅಂದ್ರು."

"ಹಾಗಾದ್ರೆ ಗೆಣಸಿನ ಗುಂಡಿ?"

"ಅದರೊಳಗಿದ್ದದ್ದು ಅಣ್ಣ. ಯುದ್ಧಕ್ಕೆ ಹೋದೋನು ಊರಲ್ಲಿ ಕಾಣಿಸಬಾರದಲ್ಲ. ಎಲ್ಲಾ ಮುಗಿದ ಮೇಲೆ, ಗುಂಡಿಯಲ್ಲಿದ್ದೋನು ನಾನು ಅಂತ ಊರಿಗೆ ಹೇಳಿದ್ರು."

ಪಕ್ಕದಲ್ಲಿ ಯಾರೋ ಹಾಡು ಗುನುಗುತ್ತ ಕಾಲು ತೊಳೆಯುತ್ತಿದ್ದರು.

"ಅರವತ್ತೆರಡರಲ್ಲಿ, ತಲೆ ತಪ್ಪಿಸಿಕೊಂಡೋರನ್ನೆಲ್ಲ ಹಿಡಿದು ರಸ್ತೆ ಕೆಲಸಕ್ಕೆ ಹಾಕಿದ್ರು. ಎಂಟು ತಿಂಗಳು ಕಲ್ಲು ಒಡೆದೆ. ಮಳೆ ಬಂದ್ರೆ ಹೆಗಲು ಎತ್ತೋಕೆ ಆಗ್ತಿರಲಿಲ್ಲ. ಮೇಸ್ತ್ರಿ ಬೈತಿದ್ದ, ಯುದ್ಧಕ್ಕೆ ಹೋಗದೇ ಇರೋ ಹೆಗಲಿಗೆ ಏನು ಧಾಡಿ ಅಂತ." ಅಜ್ಜನ ಬೆನ್ನು ಅಲುಗಿತು. ನಗುತ್ತಿದ್ದ.

ನಾನು ಹಾಲು ಕುಡಿಯಲಿಲ್ಲ.

ಜನವರಿ 28

ಬರೆಯಲು ಕೂತೆ. ಒಂದು ಗಂಟೆಯಾಯಿತು.

ಯುದ್ಧ ಮಾಡಿದವನು ಯುದ್ಧ ಮಾಡದ ತಪ್ಪಿಗೆ ಕಲ್ಲು ಒಡೆದ. ಸರ್ಕಾರದ ಕಡತದಲ್ಲಿ ಇವತ್ತಿಗೂ ಗ್ವಾಕ್ ತೇಹೋ ಎಂದರೆ ತಲೆತಪ್ಪಿಸಿಕೊಂಡವನು. ಅವನ ಎದೆಗೆ ನಾನು ಬಾಟಲಿ ಮುಚ್ಚಳ ಚುಚ್ಚಿದೆ. ಎಲ್ಲರೆದುರು. ಭಾಷಣ ಸಮೇತ.

ಬೆಳಿಗ್ಗೆ ಅದನ್ನು ಕಿತ್ತುಹಾಕಲು ಹೋದೆ. ಅಜ್ಜ ಕೋಟು ಎಳೆದುಕೊಂಡ.

"ಇರ್ಲಿ ಬಿಡೋ. ನನ್ನ ಹೆಸರಿಗೆ ಅಂತ ಬಂದಿರೋದು ಅದೊಂದೇ."

ಫೆಬ್ರುವರಿ 1. ಬೆಳಿಗ್ಗೆ 11

ಸಾರ್ಜೆಂಟ್ ಪ್ಯೋಗೆ ಫೋನ್ ಮಾಡಿದೆ. ದನಿ ದಪ್ಪ ಮಾಡಿಕೊಂಡು, ಕೆಮ್ಮು ಸೇರಿಸಿ: "ನಾನು ಪಕ್ಕದೂರಿನ ಹಿರಿಯ, ವಯಸ್ಸು ಎಪ್ಪತ್ತನಾಲ್ಕು. ಒಂದು ಮಾತಿಗೆ ಕೇಳ್ತೀನಿ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹೋಗಿದ್ರೆ ದಾಖಲೆ ತಿದ್ದೋಕೆ ಆಗುತ್ತಾ?"

ಆ ಕಡೆ ಕಾಗದ ಮಗುಚಿದ ಸದ್ದು.

"ಆಗುತ್ತೆ ಹಿರಿಯರೇ. ಹೆಸರು ಯಾರದೋ ಅವರ ಹೇಳಿಕೆ ಬೇಕು, ಅವರ ಮುದ್ರೆ ಒತ್ತಿ. ಹೋದವರ ಮೈಮೇಲಿನ ಗಾಯ ಆಸ್ಪತ್ರೆ ಚೀಟಿಗೆ ತಾಳೆ ಬೀಳಬೇಕು. ಕೈ ಹೇಗಿದೆ ಈಗ? ಮೊನ್ನೆ ಕಾಫಿ ಚೆಲ್ಲಿಕೊಂಡ್ರಲ್ಲ."

ಫೋನ್ ಇಟ್ಟೆ. ಹದಿನೆಂಟು ವರ್ಷದ ತುಂಟತನದ ವೃತ್ತಿಜೀವನದಲ್ಲಿ ಮೊದಲ ಸಲ ಸಿಕ್ಕಿಬಿದ್ದದ್ದು.

ಅಜ್ಜನಿಗೆ ಹೇಳಿದೆ. "ಅಣ್ಣ ಇರೋವರೆಗೆ ಆ ಮಾತು ಬೇಡ" ಅಂದ. "ಆಮೇಲೆ ನೀನು ಇರ್ತೀಯಾ?" ಅಂದೆ. ದೊಡ್ಡಜ್ಜನಿಗೆ ಪದಕ ಬಂದುಬಿಟ್ಟರೆ ಕಡತ ಮುಚ್ಚಿದಂತೆ. ಆಮೇಲೆ ತಿದ್ದುವವರು ಯಾರು.

ಫೆಬ್ರುವರಿ 7. ಚಾಂದ್ರಮಾನ ಹೊಸ ವರ್ಷದ ಹಬ್ಬ

ದೊಡ್ಡಮನೆಯಲ್ಲಿ ಹಿರಿಯರ ಎಡೆ. ಮೊದಲ ಬಟ್ಟಲು ಮದ್ಯ ದೊಡ್ಡಜ್ಜ ಸುರಿದರು. ಅಜ್ಜ ಎಂದಿನ ಜಾಗದಲ್ಲಿ, ಎರಡನೇ ಸಾಲಿನ ತುದಿಯಲ್ಲಿ ಅಡ್ಡಬಿದ್ದ.

ಅಕ್ಕಿಹಿಟ್ಟಿನ ಸಾರು ಉಂಡಾದ ಮೇಲೆ ಮಕ್ಕಳು ಮುತ್ತಿಕೊಂಡರು. ಕಥೆ ಶುರು. ಗುಡ್ಡ, ಮಂಜು, ನೀರು ನೀರು ಎನ್ನುವ ಲೆಫ್ಟಿನೆಂಟ್. ನನಗೆ ತಡೆಯಲಾಗಲಿಲ್ಲ. ಮುಖದಲ್ಲಿ ಭಕ್ತಿ ಇಟ್ಟುಕೊಂಡು ಕೇಳಿದೆ:

"ದೊಡ್ಡಜ್ಜ, ಚೂರು ಯಾವ ಹೆಗಲಿಗೆ ಹೊಕ್ಕಿತು?"

ದೊಡ್ಡಜ್ಜ ಮಕ್ಕಳನ್ನು ಗಾಳಿಪಟ ಹಾರಿಸಲು ಕಳಿಸಿದರು. ಬಾಗಿಲು ಎಳೆದರು. ಬೈಗುಳಕ್ಕೆ ಸಿದ್ಧನಾಗಿ ಕೂತೆ.

"ತೇಹೋ ಹೇಳಿದನಾ?"

"ಹೆಗಲು ಹೇಳಿತು."

"ಆ ಗಾಯದ ವಿಷಯ ನನಗೇ ಗೊತ್ತಿರಲಿಲ್ಲ ಕಣೋ. ಆ ಸಾರ್ಜೆಂಟ್ ಓದೋವರೆಗೆ." ಕೋಲನ್ನು ಮಂಡಿಗೆ ಅಡ್ಡ ಇಟ್ಟುಕೊಂಡರು. "ಮೂರು ವರ್ಷ ಗುಂಡಿಯಲ್ಲಿ ಮಂಡಿ ಮಡಚಿ ಕೂತಿದ್ದೆ. ಅವನು ವಾಪಸ್ ಬಂದ ಮೇಲೆ ಅಪ್ಪ ಇಬ್ಬರನ್ನೂ ಕೂರಿಸಿದ್ರು. ಎಲ್ಲಾ ಹೇಳು ಅಂತ ಅವನಿಗೆ, ಬಾಯಿಪಾಠ ಮಾಡು ಅಂತ ನನಗೆ. ನಾಳೆ ಯಾರಾದ್ರೂ ಕೇಳಿದ್ರೆ ತಪ್ಪಬಾರದಲ್ಲ. ಗುಡ್ಡ ಎಷ್ಟು ಕಡಿದು, ಲೆಫ್ಟಿನೆಂಟ್ ಯಾವೂರು, ಅವತ್ತು ಏನುಂಡ್ರು, ಎಲ್ಲಾ ಹೇಳಿದ. ಹೆಗಲಿಗೆ ಮಾತ್ರ, ಬರೋ ದಾರೀಲಿ ಕುಡುಗೋಲಿನ ಮೇಲೆ ಬಿದ್ದೆ ಅಂದ."

"ಯಾಕೆ?"

"ನಿಮ್ಮ ಮುತ್ತಜ್ಜ ಹೇಗಿದ್ರು ಅಂತ ನಿನಗೇನು ಗೊತ್ತು. ಗಾಯ ಆಗಿತ್ತು ಅಂತ ತಿಳಿದಿದ್ರೆ ಅಂಥದ್ದೇ ನನಗೂ ಮಾಡಿಸಿಬಿಡ್ತಿದ್ರು. ತಾಳೆ ಬೀಳಬೇಕಲ್ಲ."

ನಗೆಯ ಸಾಮಾನು ಒಂದೂ ಕೈಗೆ ಸಿಗಲಿಲ್ಲ.

"ಹೇಳ್ತಾ ಹೇಳ್ತಾ ನಾನೇ ಹೋಗಿದ್ದೆ ಅನ್ನಿಸಿಬಿಟ್ಟಿತ್ತು ಬೊಮ್ಸು. ಕನಸಲ್ಲೂ ಆ ಗುಡ್ಡವೇ." ಆಮೇಲೆ, "ಸಾರ್ಜೆಂಟಿಗೆ ಫೋನ್ ಮಾಡು. ನಿನ್ನ ದನಿಯಲ್ಲೇ ಮಾಡು."

ಅಂದರೆ ಅದೂ ತಿಳಿದಿದೆ. ಈ ದೇಶದಲ್ಲಿ ಗುಟ್ಟು ಇಟ್ಟುಕೊಳ್ಳಬಲ್ಲವನು ಅಜ್ಜನೊಬ್ಬನೇ.

ಫೆಬ್ರುವರಿ 12. ಮಂಗಳವಾರ

ನಮ್ಮ ಮನೆಯಲ್ಲಿ. ಸಾರ್ಜೆಂಟ್ ಪ್ಯೋ, ದೊಡ್ಡಜ್ಜ, ಅಜ್ಜ, ನಾನು. ಅಮ್ಮ ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ತೊಳೆಯುತ್ತಲೇ ಇದ್ದಳು.

ಅಣ್ಣ ಹೇಳಿದ್ದಕ್ಕೆ ಅಜ್ಜ ಅಂಗಿ ಬಿಚ್ಚಿದ. ಸಾರ್ಜೆಂಟ್ ಫೋಟೊ ತೆಗೆದರು, ಗುಳಿಯ ಪಕ್ಕ ಅಳತೆಪಟ್ಟಿ ಹಿಡಿದು. ಕ್ಯಾಮೆರಾ ಇಳಿಸಿ ಒಂದು ಹೆಜ್ಜೆ ಹಿಂದೆ ಸರಿದು ಬೆನ್ನಿಗೆ ಸೆಲ್ಯೂಟ್ ಮಾಡಿದರು. ಅಜ್ಜನಿಗೆ ಕಾಣಲಿಲ್ಲ. ದೊಡ್ಡಜ್ಜನಿಗೆ ಕಂಡಿತು.

ಹೇಳಿಕೆ ಮೇಜಿನ ಮೇಲೆ. ದೊಡ್ಡಜ್ಜ ಮುದ್ರೆಯ ಚೀಲ ಬಿಚ್ಚಿದರು.

"ಮೊದಲೇ ಹೇಳಿಬಿಡ್ತೀನಿ ಹಿರಿಯರೇ" ಅಂದರು ಸಾರ್ಜೆಂಟ್. "ಮುದ್ರೆ ಬಿದ್ರೆ ಸೇವೆ, ಪದಕ ಎಲ್ಲಾ ಇವರ ಹೆಸರಿಗೆ ಬರುತ್ತೆ. ಐವತ್ತೊಂದರ ಕರೆಗೆ ಹಾಜರಾಗದೇ ಇದ್ದವರು ಅನ್ನೋದು ನಿಮ್ಮ ಹೆಸರಿಗೆ. ಶಿಕ್ಷೆ ಇಲ್ಲ, ಕಾಲ ಮೀರಿದೆ. ಬರಹ ಮಾತ್ರ ಉಳಿಯುತ್ತೆ."

ಅಜ್ಜ ಕಾಗದ ಎಳೆದುಕೊಂಡ. ನಾಲ್ಕಾಗಿ ಮಡಚಿ ಕೆಳಗಿಟ್ಟು, ಅದರ ಮೇಲೆ ಕೂತುಬಿಟ್ಟ. ಎಪ್ಪತ್ತೇಳು ವರ್ಷದ ಮನುಷ್ಯ, ಬರಿಮೈಯಲ್ಲಿ.

"ಹಾಗಾದ್ರೆ ಬೇಡ. ಮನೆಗೊಬ್ಬ ಕಳ್ಳ ಸಾಕು. ನನಗೆ ಅಭ್ಯಾಸ ಆಗಿದೆ."

"ಕೊಡೋ ಕಾಗದ."

"ಕೊಡಲ್ಲ ಅಣ್ಣ. ನೀವು ಮನೆಗೆ ಹೋಗಿ."

"ತೇಹೋ. ಐವತ್ತಾರು ವರ್ಷ ನೀನು ಹೊತ್ತೆ. ನನ್ನ ಪಾಲಿಗೆ ಉಳಿದಿರೋದು ಎರಡೋ ಮೂರೋ. ಅಷ್ಟಾದ್ರೂ ಹೊರಲಿ ಬಿಡು."

ಅಜ್ಜ ಅಲುಗಲಿಲ್ಲ. ದೊಡ್ಡಜ್ಜನೂ ಅಲುಗಲಿಲ್ಲ. ಸಾರ್ಜೆಂಟ್ ಪ್ಯೋ ಚೀಲದಿಂದ ಹೇಳಿಕೆಯ ಎರಡನೇ ಪ್ರತಿ ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯಾಚೆ ಮುಖ ತಿರುಗಿಸಿದರು. ಆ ಕ್ಷಣ ಗೊತ್ತಾಯಿತು, ನನಗಿಂತ ದೊಡ್ಡ ತುಂಟ ಒಬ್ಬ ಸಮವಸ್ತ್ರದಲ್ಲಿದ್ದಾನೆ.

ಮೊದಲ ಮುದ್ರೆ ಕೈನಡುಕಕ್ಕೆ ಕದಡಿತು. ದೊಡ್ಡಜ್ಜ ಎರಡು ಕೈ ಸೇರಿಸಿ ಪಕ್ಕದಲ್ಲೇ ಇನ್ನೊಮ್ಮೆ ಒತ್ತಿದರು. ಅಜ್ಜ ಗೋಡೆಯ ಕಡೆ ತಿರುಗಿದ.

ಮಾರ್ಚ್ 30. ದೇಗು, ಕಾಲೇಜು ಹಾಸ್ಟೆಲ್

ಅಮ್ಮನ ಫೋನ್. ದೊಡ್ಡಮನೆಯ ಚಿಕ್ಕಪ್ಪ ನಮ್ಮ ಕಡೆ ಮಾತು ಬಿಟ್ಟಿದ್ದಾರೆ. ಎಂಬತ್ತು ವರ್ಷದ ಅಪ್ಪನನ್ನು ಊರೆದುರು ಬೆತ್ತಲೆ ಮಾಡಿದಿರಿ ಅಂದರಂತೆ. ವೃದ್ಧರ ಕೂಟದಲ್ಲಿ ದೊಡ್ಡಜ್ಜನ ಪಕ್ಕ ಯಾರೂ ಕೂರುವುದಿಲ್ಲವಂತೆ. ಅಜ್ಜನೊಬ್ಬ ಹೋಗಿ ಕೂರುತ್ತಾನೆ. ಇಬ್ಬರೂ ಹೂವಿನ ಚಿತ್ರದ ಇಸ್ಪೀಟೆಲೆ ಆಡುತ್ತಾರೆ. ದೊಡ್ಡಜ್ಜ ಮೋಸ ಮಾಡುತ್ತಾರಂತೆ.

ಜೂನ್ 25. ಬುಧವಾರ. ಬಸ್ಸಿನಲ್ಲಿ ಬರೆದದ್ದು

ಜಿಲ್ಲಾ ಸಭಾಂಗಣ. ಹನ್ನೊಂದು ಮಂದಿಗೆ ಪದಕ, ಒಂಬತ್ತು ಮಂದಿಯ ಪರವಾಗಿ ಮಕ್ಕಳು. ಅಜ್ಜ ಮೊದಲ ಸಾಲು, ನಾನು ಪಕ್ಕ. ದೊಡ್ಡಜ್ಜ ಬರುವುದಿಲ್ಲ ಅಂದುಕೊಂಡಿದ್ದೆವು. ಮಗ ಕಾರು ಕೊಡಲಿಲ್ಲವಂತೆ, ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದರು. ನಮ್ಮ ಹಿಂದಿನ ಕುರ್ಚಿಯಲ್ಲಿ ಕೂತರು.

"ಗ್ವಾಕ್ ತೇಹೋ."

ಅಜ್ಜ ಚಪ್ಪಾಳೆ ತಟ್ಟುತ್ತ ಕೂತಿದ್ದ. ಯಾರು ಏಳುತ್ತಾರೆಂದು ಅತ್ತಿತ್ತ ನೋಡಿದ.

"ಗ್ವಾಕ್ ತೇಹೋ."

"ಅಜ್ಜ" ಅಂದೆ. ಚಪ್ಪಾಳೆಯ ಗದ್ದಲ. ಕೇಳಿಸಲಿಲ್ಲ ಅವನಿಗೆ. ಆಮೇಲೆ ಹೊಳೆಯಿತು. ಸೈನ್ಯದವನೊಬ್ಬ ಈ ಹೆಸರನ್ನು ಕೂಗಿದಾಗ ಅಜ್ಜ ಇದುವರೆಗೆ ಎದ್ದೇ ಇಲ್ಲ. ಅಲ್ಲಿ ಅವನು ಯಾವತ್ತೂ ಮುನ್‌ಹೋ.

ಹಿಂದಿನಿಂದ ದೊಡ್ಡಜ್ಜ ಬಗ್ಗಿ ಅವನ ತೋಳು ಮುಟ್ಟಿದರು. ಬಲಗಡೆಯದು.

"ನಿನ್ನನ್ನೇ ಕರೀತಿರೋದು. ಹೋಗು."

ಅಜ್ಜ ತಿರುಗಿ ಅಣ್ಣನ ಮುಖ ನೋಡಿದ. ಕೇಳುವ ಹಾಗೆ. ದೊಡ್ಡಜ್ಜ ತಲೆಯಾಡಿಸಿದರು. ಮೂರನೇ ಸಲ ಹೆಸರು ಬಂತು. ಅಜ್ಜ ಎದ್ದ, ಹಿಮ್ಮಡಿ ಜೋಡಿಸಿದ, ಇಡೀ ಸಭಾಂಗಣ ಬೆಚ್ಚುವ ಹಾಗೆ "ಹಾಜರ್" ಅಂದ. ನಾನು ಹುಟ್ಟಿದಾಗಿನಿಂದ ಆ ದನಿ ಒಂದು ಸಲವೂ ಕೇಳಿರಲಿಲ್ಲ.