ಗುಳಿಗೆಯ ಚೀಟಿ

ಮಸೂತಿ
೧೨-೮-೧೯೭೪

ಡಾಕ್ಟರ್ ಹಂಚಿನಾಳ ಸಾಹೇಬರಿಗೆ ಈರಸಂಗಪ್ಪನ ಶರಣಾರ್ಥಿ.

ತಾವು ಎರಡು ಸಲ ಬೆನ್ನಿಗೆ ಸೂಜಿ ಹಾಕಿ ಶ್ವಾಸಕೋಶದ ಸುತ್ತಲಿನ ನೀರು ತೆಗೆದಿರಲ್ಲ, ಆ ಗುರುಬಸವ್ವನ ಮಗ ನಾನು. ಗಂಟಲಿನ ಥೈರಾಯ್ಡ್ ಗ್ರಂಥಿ ಸೋತದ್ದರಿಂದ ನೀರು ತುಂಬುತ್ತಿದೆ ಎಂದು ತಾವು ಕೊಟ್ಟ ಗುಳಿಗೆಯಿಂದ ಅವ್ವನ ಮುಖದ ಬಾವು ಇಳಿದಿತ್ತು, ದನಿಯೂ ತಿಳಿಯಾಗಿತ್ತು.

ತಪ್ಪು ನನ್ನದು. ಇಂಗ್ಲಿಷ್ ಬರುತ್ತದೆಂಬ ಹಮ್ಮಿನಲ್ಲಿ ಡಬ್ಬಿಯೊಳಗಿನ ಚೀಟಿಯನ್ನು ಅವಳಿಗೆ ಓದಿ ಹೇಳಿದೆ. ಕುರಿಯ ಗ್ರಂಥಿ ಒಣಗಿಸಿ ಮಾಡಿದ ಗುಳಿಗೆ ಎಂದು ಅದರಲ್ಲಿತ್ತು.

"ಲಿಂಗ ಕಟ್ಟಿದ ಮೈಯಾಗ ಕುರಿ ಹಾಕಿದಿ ಏನಪಾ?" ಅಂದಳು. ಅಷ್ಟೇ. ಅಂದಿನಿಂದ ಗುಳಿಗೆ ಮುಟ್ಟಿಲ್ಲ. ಎರಡು ತಿಂಗಳಾಯಿತು. ಈಗ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಇರುತ್ತಾಳೆ. ಬಸ್ಸಿನಲ್ಲಿ ಕರೆತರುವಂತಿಲ್ಲ.

ಪ್ರಾಣಿಯಿಂದ ಮಾಡದ ಗುಳಿಗೆ ಬೇರೆ ಇದ್ದರೆ ಈ ಪತ್ರ ತಂದವರ ಕೈಯಲ್ಲಿ ಕಳಿಸಿರಿ. ಇದರಲ್ಲಿ ಕುರಿ ಇಲ್ಲ ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿರಿ. ಬೇರೆ ಇಲ್ಲದಿದ್ದರೆ ಹಳೆಯದನ್ನೇ ಚೀಟಿ ತೆಗೆದು, ಬೇರೆ ಡಬ್ಬಿಗೆ ಹಾಕಿ ಕಳಿಸಿರಿ. ಆಗಲೂ ಹಾಗೆಯೇ ಬರೆಯಿರಿ.

ಯಾವುದನ್ನು ಕಳಿಸಿದಿರೆಂದು ನನಗೂ ತಿಳಿಸಬೇಡಿರಿ. ತಮ್ಮ ಪತ್ರ ಅವಳೆದುರು ಓದಬೇಕಾದವನು ನಾನು. ಅವ್ವನಿಗೆ ಅಕ್ಷರ ಬರುವುದಿಲ್ಲ, ನನ್ನ ಮುಖ ಓದಲು ಬರುತ್ತದೆ.

ತಮ್ಮ ಉಪಕಾರದಲ್ಲಿರುವ,
ಈರಸಂಗಪ್ಪ