ಕರೆಂಟ್ ಹೋಗದ ದಿನ

ಉದಕಮಂಡಲ
೧೮ ನವೆಂಬರ್ ೨೦೨೪

ಇನ್ನೂ ಮುನಿಸಿಕೊಂಡೇ ಇರುವ ತೇನ್ಮೊಳಿಗೆ,

ಪತ್ರ ಕನ್ನಡದಲ್ಲಿದೆ ಎಂದು ಹುಬ್ಬೇರಿಸಬೇಡ. ಎಂಟನೇ ತರಗತಿಯ ರಜೆಯಲ್ಲಿ ನಿಮ್ಮ ಮನೆಯ ಜಗಲಿಯ ಮೇಲೆ ಕೂರಿಸಿ, ಗುಂಡ್ಲುಪೇಟೆಯ ನಿನ್ನ ಅಜ್ಜಿ ನಮ್ಮಿಬ್ಬರಿಗೂ ತಿದ್ದಿಸಿದ ಅಕ್ಷರ ಇದು. ಲ್ಯಾಬಿನಲ್ಲಿ ಬೇರೆ ಯಾರಿಗೂ ಓದಲು ಬಾರದು. ಅದಕ್ಕೇ ಆರಿಸಿಕೊಂಡೆ, ನನ್ನ ಧೈರ್ಯ ಎಷ್ಟೆಂದು ನಿನಗೆ ಗೊತ್ತಲ್ಲ.

ನೀನು ಹೋಗಿ ಏಳು ತಿಂಗಳಾಯಿತು. ಫ್ಲಾಸ್ಕ್ ತೊಳೆದು ಒರೆಸಲು ಕೊಡೋಣವೆಂದು ಇನ್ನೂ ಎಡಕ್ಕೆ ಕೈ ಚಾಚುತ್ತೇನೆ. ಬುತ್ತಿ ಬಿಚ್ಚಿದರೆ ಅವರೆಕಾಳು ಕದಿಯುವವರಿಲ್ಲ. ನಮ್ಮ ಗೈಡ್ ಹಾಲನ್ ಸರ್ ಕೆಲಸ ಬಿಟ್ಟು ಬೇರೆ ಮಾತಾಡುವವರಲ್ಲ. ಕೆಲವು ದಿನ ಪಂಪಿನೊಡನೆಯೇ ಮಾತಾಡುತ್ತೇನೆ. ಅದಾದರೂ ಗೊಣಗುತ್ತದೆ.

ಹೊಸಬರಿಗೆ ನೀನು ಹೇಳುತ್ತಿದ್ದ ಪಾಠ ನೆನಪಿದೆಯೇ? ಡೈಯೀನ್ ಅಣುವಿಗೆ ಎರಡೂ ತುದಿಯಲ್ಲಿ ಕೈ. ರುಥೇನಿಯಂ ವೇಗವರ್ಧಕ ಹಾಕಿದರೆ ಒಂದರ ಕೈ ಇನ್ನೊಂದು ಹಿಡಿದು ಸಾಲು ಬೆಳೆಯುತ್ತದೆ. ಪ್ರತಿ ಹಿಡಿತಕ್ಕೂ ಚೂರು ಎಥಿಲೀನ್ ಅನಿಲ ಕಳಚಿಕೊಳ್ಳುತ್ತದೆ. ಪಂಪ್ ಅದನ್ನು ಹೊರಗೆಳೆಯುತ್ತಲೇ ಇರಬೇಕು, ಒಳಗುಳಿದರೆ ಹಿಡಿದ ಕೈಗಳನ್ನು ಮತ್ತೆ ಬಿಡಿಸುತ್ತದೆ. ನಡುವೆ ಒಂಟಿ ಕೈಯ ಅಣು ಬೆರೆತರೂ ಸಾಲು ಅಲ್ಲಿಗೇ ನಿಲ್ಲುತ್ತದೆ.

ಏಪ್ರಿಲಿನ ಆ ಸಂಜೆ ನೀನು ಊರಿಗೆ ಹೋಗಿದ್ದೆ. ನೀನು ಎರಡು ತಿಂಗಳು ಶುದ್ಧ ಮಾಡಿದ ಡೈಯೀನ್ ಫ್ಲಾಸ್ಕಿನಲ್ಲಿತ್ತು, ಕಾವಲಿಗೆ ನಾನಿದ್ದೆ. ಅವಲಾಂಚ್ ಕಣಿವೆಯ ಕಡೆಯಿಂದ ಗಾಳಿ ಎದ್ದಿತು. ಇತ್ತಲಾರ್ ಹಳ್ಳಿಯಲ್ಲಿ ಹುಟ್ಟಿದ ನನಗೆ ಮರಗಳ ಆ ಸದ್ದು ಕೇಳಿದರೆ ಸಾಕು, ಕರೆಂಟ್ ಹೋಗುತ್ತದೆಂದು ಗೊತ್ತು. ಪಂಪ್ ನಿಂತರೆ ಹೊರಗಿನ ಗಾಳಿ ಒಳಗೆ ನುಗ್ಗೀತೆಂದು ಫ್ಲಾಸ್ಕಿಗೂ ಪಂಪಿಗೂ ನಡುವಿನ ನಲ್ಲಿಯನ್ನು ಮೊದಲೇ ಮುಚ್ಚಿದೆ. ಕರೆಂಟ್ ಹೋಗಲೇ ಇಲ್ಲ. ಪಂಪ್ ಗೊಣಗುತ್ತಲೇ ಇತ್ತು, ನಾನು ನಲ್ಲಿಯನ್ನು ಮರೆತು ಮನೆಗೆ ಹೋದೆ.

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಮರೆವು. ಆದರೆ ಬೆಳಿಗ್ಗೆ ಬಂದಾಗ ಮುಚ್ಚಿದ ನಲ್ಲಿಯನ್ನು ಮೊದಲು ನೋಡಿದವಳು ನಾನೇ. ಸದ್ದಿಲ್ಲದೆ ತೆರೆದೆ. ಅಷ್ಟರಲ್ಲಿ ರುಥೇನಿಯಂ ಸತ್ತಿತ್ತು, ಫ್ಲಾಸ್ಕಿನಲ್ಲಿ ಸಾಲು ಬೆಳೆಯದ ಬರೀ ಎಣ್ಣೆ. ಕುಂಬಳಕಾಯಿ ಕಳ್ಳ ಎಂದರೆ ಜನ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ನಿನ್ನ ಹೆಗಲು ತೋರಿಸಿದೆ. ತೇನ್ಮೊಳಿಯ ಡೈಯೀನಿನಲ್ಲಿ ಒಂಟಿ ಕೈಯವು ಬೆರೆತಿರಬೇಕು ಎಂದು ಸರ್‌ಗೆ ಹೇಳಿದವಳು ನಾನು. ಅವರು ನಿನ್ನನ್ನು ಕೆಲಸದಿಂದ ಬಿಡಿಸಿದಾಗ ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಹೋಗಬೇಕಾದ ಅನಿಲವನ್ನು ಒಳಗಿಟ್ಟೆ, ಇರಬೇಕಾದ ನಿನ್ನನ್ನು ಹೊರಗೆ ಕಳಿಸಿದೆ. ನೀನೀಗ ರೆಸಾರ್ಟಿನಲ್ಲಿ ಜೀಪ್ ಬುಕಿಂಗ್ ಬರೆಯುತ್ತಿದ್ದೀಯಂತೆ.

ಹೋದ ವಾರ ಫ್ರಿಜ್ಜಿನ ಹಿಂದುಗಡೆ ನಿನ್ನ ಕೈಬರಹದ ಬಾಟಲಿ ಸಿಕ್ಕಿತು. ಅದೇ ಡೈಯೀನ್. ಮತ್ತೆ ಮಾಡಿದೆ, ನಲ್ಲಿ ತೆರೆದಿಟ್ಟು, ಎರಡು ದಿನ ಕದಲದೆ ಕೂತು. ಕಲಕುವ ಕಡ್ಡಿ ಸಿಕ್ಕಿಹಾಕಿಕೊಳ್ಳುವಷ್ಟು ಗಟ್ಟಿಯಾಯಿತು. ಗಾಜಿನ ಕಡ್ಡಿ ಅದ್ದಿ ಎಳೆದರೆ ನನ್ನ ಮೊಳಕೈಯುದ್ದ ಎಳೆ ಬಂತು, ತುಂಡಾಗಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ನಿನ್ನದು, ಇಟ್ಟುಕೋ.

ಕ್ಷಮಿಸು ಎನ್ನಲು ನಾಚಿಕೆ. ಆದರೂ ಕ್ಷಮಿಸು.

ನಿನ್ನ ಹೆಗಲಿಗೆ ಬೂದಿ ಹಚ್ಚಿದ,
ವಸಂತಾಮಣಿ

ವಿ.ಸೂ.: ಪತ್ರ ಮುಗಿಸಿ ಎರಡು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಇದನ್ನೆಲ್ಲ ತಮಿಳಿನಲ್ಲೂ ಬರೆದು ಸರ್ ಕೈಗೆ ಕೊಟ್ಟೆ, ಒಂದು ಪ್ರತಿಯನ್ನು ಲ್ಯಾಬಿನ ಬಾಗಿಲಿಗೆ ಅಂಟಿಸಿದೆ. ಲ್ಯಾಬಿನಲ್ಲಿ ಇನ್ನು ನಾನಿರುತ್ತೇನೋ ಇಲ್ಲವೋ, ಉತ್ತರ ಬರೆಯುವುದಾದರೆ ಇತ್ತಲಾರಿನ ನಮ್ಮ ಮನೆಗೆ ಬರೆ.